ಸಿಂದಗಿಯ ನೌಕಾಪಡೆ

ಸಿಂದಗಿಗೆ ಸಮುದ್ರ ಇಲ್ಲ ಎಂಬುದನ್ನು ಇನ್ನೂ ಒಪ್ಪಿಕೊಳ್ಳದ ಮನುಷ್ಯ ಊರಿನಲ್ಲಿ ಒಬ್ಬನಿದ್ದರೆ, ಅವನು ನನ್ನ ಸೋದರಮಾವ. ವೃತ್ತಿಯಿಂದ ದಂತವೈದ್ಯ, ಪ್ರವೃತ್ತಿಯಿಂದ ನೌಕಾಪಡೆ! ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವನ ದವಾಖಾನೆ, ಅದರ ಮೇಲೆ ಮನೆ, ಎರಡರ ನಡುವೆ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಅವನ ವಿಮಾನ. ಎರಡನೇ ಮಹಾಯುದ್ಧದಲ್ಲಿ ಹಡಗಿನ ಮೇಲಿಂದ ಹಾರುತ್ತಿದ್ದ ಯುದ್ಧವಿಮಾನದ ನಲವತ್ತೆಂಟರಲ್ಲಿ ಒಂದು ಪಾಲಿನ ಪ್ರತಿರೂಪ ಅದು. ರೆಕ್ಕೆ ಚಾಚಿದರೆ ಒಂದು ಗೇಣಿಗಿಂತ ತುಸು ಹೆಚ್ಚು. ಆದರೆ ಮನೆಯಲ್ಲಿ ಅದು ಹಿಡಿದ ಜಾಗ ಮಾತ್ರ ನಿಜವಾದ ವಿಮಾನದಷ್ಟೇ!

ಡಬ್ಬಿಯಲ್ಲಿ ಬಂದ ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿದರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಕೇಳಬಾರದಿತ್ತು.

"ಡಬ್ಬಿ ಮಾಡಿದಾವಗ ಏನ್ ಗೊತ್ತೈತಿ ಬೇ? ರೆಕ್ಕಿ ಮಡಚೂ ಕೀಲ ನೋಡಿಲ್ಲೆ. ಹಿಂಗಿದ್ರ ಹಡಗದಾಗ ಒಂದ ವಿಮಾನರ ಹಿಡೀತಿತ್ತೇನ?"

ಮಾವ ನನ್ನನ್ನೇ ಅಪರಾಧಿಯಂತೆ ನೋಡಿದ. ಡಬ್ಬಿಯ ಅರ್ಧದಷ್ಟು ತುಂಡುಗಳನ್ನು ಎಸೆದು ತಾನೇ ಮಾಡಿಕೊಂಡ. ಗುಳಿಗೆ ಹಾಳೆಯ ಬೆಳ್ಳಿ ಕಾಗದ ಪೈಲಟ್ಟನ ಸೊಂಟದ ಪಟ್ಟಿಯಾಯಿತು. ಹಲ್ಲಿಗೆ ಕಟ್ಟುವ ತಂತಿ ಗಾಲಿಯ ಸುತ್ತಲಿನ ಕೊಳವೆಯಾಯಿತು. ಹುಳುಕು ಹಲ್ಲು ಕೊರೆಯುವ ಯಂತ್ರದಿಂದಲೇ ಬಂದೂಕಿನ ನಳಿಗೆಗಳಿಗೆ ತೂತು ಬಿತ್ತು. ಯಂತ್ರವನ್ನು ತೊಳೆದಿದ್ದನೇ ಎಂದು ನಾನು ಕೇಳಲಿಲ್ಲ, ನೀವೂ ಕೇಳಬೇಡಿ.

ಬಾಯಿ ತೆರೆದು ಕುರ್ಚಿಯಲ್ಲಿ ಒರಗಿದ ರೋಗಿಗಿಂತ ಒಳ್ಳೆಯ ಶ್ರೋತೃ ಜಗತ್ತಿನಲ್ಲಿ ಎಲ್ಲಿ ಸಿಗುತ್ತಾನೆ? ಎದ್ದು ಹೋಗುವಂತಿಲ್ಲ, ಎದುರಾಡುವಂತಿಲ್ಲ, ನಾಲಿಗೆ ಮರಗಟ್ಟಿದೆ! ಒಮ್ಮೆ ದೇವರ ಹಿಪ್ಪರಗಿಯ ರೈತರೊಬ್ಬರು ದವಡೆ ಹಲ್ಲು ಕೀಳಿಸಿಕೊಳ್ಳಲು ಬಂದಿದ್ದರು. ಮಾವ ಒಂದು ಕೈಯಲ್ಲಿ ಇಕ್ಕಳ ಹಿಡಿದು, ಇನ್ನೊಂದು ಕೈಯನ್ನೇ ವಿಮಾನ ಮಾಡಿ, ಓಲಾಡುವ ಹಡಗಿನ ಮೇಲೆ ಇಳಿಯುವುದು ಎಷ್ಟು ಕಷ್ಟ ಎಂದು ವಿವರಿಸತೊಡಗಿದ. ಮೂತಿ ಉದ್ದ, ಮುಂದಿನದು ಕಾಣುವುದಿಲ್ಲ, ಎಣ್ಣೆ ತೀರುತ್ತಾ ಬಂದಿದೆ, ಪೈಲಟ್ ಇನ್ನೂ ಎಳೆಯ ಹುಡುಗ... ಅಷ್ಟರಲ್ಲಿ ಹಲ್ಲು ಬಂದುಬಿಟ್ಟಿತು. ಮಾವ ಕಥೆಯನ್ನು ಅಲ್ಲಿಗೇ ಬಿಟ್ಟು ಕೈ ತೊಳೆಯಲು ಹೋದ. ರೈತರು ಹತ್ತಿ ಕಚ್ಚಿಕೊಂಡೇ ಎದ್ದು ಕೂತರು.

"ಡಾಕ್ಟರ್ರ, ಹಲ್ಲ ಹಾಳಾಗ್ಲಿ ಬಿಡ್ರಿ. ಆ ಹುಡುಗ ಇಳದ್ನೋ ಇಲ್ಲೋ ಅಷ್ಟ ಹೇಳ್ರಿ!"

ಇಳಿಯುವಾಗ ವಿಮಾನದ ಬಾಲದಲ್ಲಿರುವ ಕೊಂಡಿ ಹಡಗಿನ ಮೇಲೆ ಅಡ್ಡ ಕಟ್ಟಿದ ತಂತಿಗೆ ಸಿಕ್ಕಿ ವಿಮಾನ ನಿಲ್ಲುತ್ತದಂತೆ. ಇದನ್ನು ಮಾವ ಊಟದ ಹೊತ್ತಿಗೆ ಅತ್ತೆಗೂ ಹೇಳಿದ. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಹಗ್ಗಾ ಹಾಕಿ ಹಿಡೀಬೇಕಂದ್ರ ಅದು ವಿಮಾನಲ್ರೀ, ತುಡುಗ ದನ."

ಅತ್ತೆಗೂ ವಿಮಾನಕ್ಕೂ ನಡುವೆ ಇಂಥ ಚಕಮಕಿ ಒಂದೆರಡಲ್ಲ. ಮಾವ ತಿಂಗಳುಗಟ್ಟಲೆ ನೀಲಿ ಬಣ್ಣ ಬಳಿದು, ಉಜ್ಜಿ, ಕನ್ನಡಿಯಂತೆ ಹೊಳೆಯಿಸಿ, ಆಮೇಲೆ ಅದನ್ನು ಹೊಲಸು ಮಾಡಲು ಕೂತ. ಯುದ್ಧ ಮಾಡಿ ಬಂದ ವಿಮಾನ ಮದುಮಗನ ಹಾಗೆ ಇರುತ್ತದೆಯೇ? ಹೊಗೆ ಬೇಕು, ಎಣ್ಣೆ ಜಿಡ್ಡು ಬೇಕು, ಉಪ್ಪುಗಾಳಿಗೆ ಮಾಸಿದ ಕಲೆ ಬೇಕು. ಮುದ್ದೇಬಿಹಾಳದಿಂದ ನಾನು ಬಂದಾಗಲೆಲ್ಲ ಒಂದೇ ವಿಚಾರಣೆ.

"ಸಮುದ್ರದ ಗಾಳಿಗೆ ಬಣ್ಣ ಹ್ಯಾಂಗ ಮಾಸತೈತಿ, ನೋಡಿಯೇನ?"

"ನಾ ಆಲಮಟ್ಟಿಗಿಂತ ದೊಡ್ಡ ನೀರ ನೋಡಿಲ್ಲ ಮಾಮಾ. ನೀ ನೋಡಿಯೇನ?"

ಮಾವ ಕೆಮ್ಮಿದ. ಆಗ ಗೊತ್ತಾಯಿತು, ನಮ್ಮ ನೌಕಾಪಡೆಯೂ ಸಮುದ್ರ ಕಂಡಿಲ್ಲ! ಆದರೂ ಹೇಗೋ ಕಲೆಗಳು ಬಿದ್ದವು, ಮಸಿ ಹತ್ತಿತು, ವಿಮಾನ ಯುದ್ಧದಿಂದ ಬಂದಂತೆಯೇ ಕಾಣತೊಡಗಿತು. ಅಷ್ಟರಲ್ಲಿ ಪಂಚಮಿ ಬಂತು. ಹಬ್ಬಕ್ಕೆ ಮನೆ ತೊಳೆದ ಅತ್ತೆ ಅದನ್ನೂ ಸೋಪಿನ ಪುಡಿ ಹಾಕಿ ತಿಕ್ಕಿ, ಬಿಸಿಲಿಗೆ ಒಣಗಲು ಇಟ್ಟಳು.

"ಬಂದ ಮಂದಿ ಏನಂದಾರು? ಡಾಕ್ಟರ ಮನ್ಯಾಗ ಇಷ್ಟ ಮಸಿ ಅಂತಾರ."

ಮಾವ ಎರಡು ಹೊತ್ತು ಊಟ ಬಿಟ್ಟ. ಮೂರನೇ ಹೊತ್ತಿಗೆ ಎಣ್ಣೆಗಾಯಿ ಪಲ್ಲೆಯ ವಾಸನೆ ಮೆಟ್ಟಿಲಿಳಿದು ಬಂದದ್ದರಿಂದ ಸತ್ಯಾಗ್ರಹ ಮುಗಿಯಿತು.

ಕೂದಲಿನ ಪ್ರಕರಣ ಇನ್ನೂ ಭಯಂಕರ. ವಿಮಾನದ ಬೆನ್ನಿನಿಂದ ಬಾಲಕ್ಕೆ ರೇಡಿಯೋ ತಂತಿ ಎಳೆಯಬೇಕಿತ್ತು. ಅಷ್ಟು ಸಣ್ಣ ತಂತಿ ಎಲ್ಲಿಂದ ತರುವುದು? ಮಾವ ಅತ್ತೆಯ ಹಿಂದೆ ನಿಂತು ಬಹಳ ಪ್ರೀತಿಯಿಂದ ಅವಳ ಹೆರಳನ್ನು ನೋಡತೊಡಗಿದ. ಮದುವೆಯಾಗಿ ಇಷ್ಟು ವರ್ಷಗಳ ಮೇಲೆ ಗಂಡ ಹೀಗೆ ನೋಡುತ್ತಿದ್ದಾನಲ್ಲ ಎಂದು ಅತ್ತೆ ಕೆಂಪಾದಳು. ಮಾವ ಬಾಯಿಬಿಟ್ಟ.

"ಒಂದ ಕೂದ್ಲಾ ಕೊಡ. ಬಿಳೀದ ಬ್ಯಾಡ, ಕರೀದ ಸಿಕ್ರ ನೋಡು."

ತಂತಿಗೆ ಕಡೆಗೆ ನನ್ನ ಕೂದಲೇ ಆಯಿತು. ಅತ್ತೆ ವಾರವಿಡೀ ಮಾತು ಬಿಟ್ಟಿದ್ದಳು.

ಮನೆಯಲ್ಲಿ ಇನ್ನೊಬ್ಬಳಿದ್ದಾಳೆ. ಮಾವನ ತಾಯಿ, ನನ್ನ ಆಯಿ. ಮೋರಟಗಿಯಲ್ಲಿ ಹೊಲ ಮಾಡಿದವಳು, ಈಗ ಕಣ್ಣು ಮಬ್ಬಾಗಿ ಮಗನ ಮನೆಯಲ್ಲಿದ್ದಾಳೆ. ಏನನ್ನೇ ಆಗಲಿ ಬೆರಳಿನಿಂದ ನೋಡುತ್ತಾಳೆ. ಒಮ್ಮೆ ವಿಮಾನವನ್ನು ಮೂತಿಯಿಂದ ಬಾಲದವರೆಗೆ ತಡವಿ, "ಇದರಲೆ ಏನ ಮಾಡ್ತಾರೋ ತಮ್ಮಾ?" ಎಂದು ಕೇಳಿದಳು.

"ಯುದ್ಧ ಮಾಡ್ತಾರ ಯವ್ವಾ."

"ಹಂಗಾರ ಸಣ್ಣದ ಮಾಡಿದ್ದ ಛಲೋ ಆತ ಬಿಡು."

ಮಾವನಿಗೆ ಇದ್ದ ಆಸೆ ಒಂದೇ. ಪುಣೆಯಲ್ಲಿ ಇಂಥ ಮಾದರಿ ಕಟ್ಟುವವರೆಲ್ಲ ಸೇರುವ ಒಂದು ಪ್ರದರ್ಶನ ನಡೆಯುತ್ತದೆ. ಅಲ್ಲಿಗೆ ವಿಮಾನ ಹೋಗಬೇಕು. ಬಹುಮಾನಕ್ಕಲ್ಲ. "ಒಬ್ಬನರ ಕೈಯಾಗ ಹಿಡದ, ಒಳಗ ಹಣಿಕಿ ಹಾಕಿ ನೋಡ್ಲಿ ಬೇ. ಇಲ್ಲಿ ಎಲ್ಲಾರೂ ಛಂದೈತಿ ಅಂತಾರ. ಯಾಕ ಛಂದೈತಿ ಅನ್ನೂದ ಗೊತ್ತಿದ್ದಾವ ಒಬ್ಬ ನೋಡಬೇಕ." ಇದನ್ನು ಹೇಳುವಾಗ ಅವನು ನಗಲಿಲ್ಲ. ನನಗೆ ಪಾಪ ಎನಿಸಿತು. ಆ ದಿನಗಳಲ್ಲೇ ನಾನು ತಂಗಿಯ ಬಾಣಂತನಕ್ಕೆ ಪುಣೆಗೆ ಹೊರಟಿದ್ದೆ. ವಿಮಾನವನ್ನು ತೊಡೆಯ ಮೇಲಿಟ್ಟುಕೊಂಡು ಒಯ್ಯುತ್ತೇನೆಂದು ಮಾತು ಕೊಟ್ಟೆ. ಮಾವ ಅದಕ್ಕೆಂದೇ ಮೆತ್ತೆ ಹಾಕಿದ ಪೆಟ್ಟಿಗೆಯನ್ನೂ ಮಾಡಿದ. ನನಗೆ ಕೂರಲು ಸೀಟು ಸಿಗುತ್ತದೋ ಇಲ್ಲವೋ ಎಂದು ಮಾತ್ರ ಯಾರೂ ವಿಚಾರಿಸಲಿಲ್ಲ.

ಹೊರಡುವ ದಿನ ಬಂತು. ಬಸ್ಸು ಹತ್ತು ಗಂಟೆಗೆ, ಪ್ರದರ್ಶನ ಮರುದಿನ. ಬೆಳಿಗ್ಗೆ ಮಾವ ಕೋಣೆಗೆ ಹೋದವನು ಚೀರಿದ. ವಿಮಾನ ಇಲ್ಲ!

"ಕಳುವಾಗೇತಿ!"

"ಕದ್ದಾವ ಅದನ್ನ ಎಲ್ಲಿ ಹಾರಿಸ್ಯಾನ್ರೀ?" ಎಂದಳು ಅತ್ತೆ. ಆದರೂ ಎಲ್ಲರೂ ಹುಡುಕಿದೆವು. ಕಡೆಗೆ ಸಿಕ್ಕಿದ್ದು ದೇವರ ಜಗಲಿಯ ಮೇಲೆ! ರೆಕ್ಕೆಗೆ ಮೂರೆಳೆ ವಿಭೂತಿ, ಮೂತಿಗೆ ಕುಂಕುಮ, ಬೆನ್ನಿಗೆ ಅರಿಶಿನದ ನೀರು, ಎದುರಿಗೆ ಕಡಬಿನ ನೈವೇದ್ಯ, ಬಾಯಿ ಇರಬೇಕಾದಲ್ಲಿ ಒಂದು ಹಿಡಿ ಹಸಿ ಹುಲ್ಲು. ಮುಂದೆ ಆಯಿ ಕೈಮುಗಿದು ಕೂತಿದ್ದಳು.

"ಯವ್ವಾ! ಏನ್ ಮಾಡಿದಿ ಬೇ ಇದು!" ಮಾವ ಜಗಲಿಯ ಕಡೆಗೆ ಧಾವಿಸಿದ.

ಅಂದು ಮಣ್ಣೆತ್ತಿನ ಅಮಾವಾಸ್ಯೆ. ನಮ್ಮ ಕಡೆ ಆ ದಿನ ಮಣ್ಣಿನ ಜೋಡೆತ್ತು ಮಾಡಿ ಪೂಜಿಸುತ್ತಾರೆ. ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಆಯಿ ಮಾತ್ರ ಪ್ರತಿ ವರ್ಷ ಹೊಲದ ಕರಿಮಣ್ಣು ತರಿಸಿ ತಾನೇ ಮಾಡುವವಳು. ಅವಳು ಸೆರಗು ಸರಿಸಿ ಪಕ್ಕದಲ್ಲಿದ್ದ ತಟ್ಟೆಯನ್ನು ತೋರಿಸಿದಳು. ಮೂರು ಕಾಲಿನದೊಂದು, ಕುತ್ತಿಗೆ ಮುರಿದದ್ದೊಂದು, ಉಳಿದದ್ದು ಬರೀ ಮಣ್ಣಿನ ಮುದ್ದೆ.

"ನಿನ್ನಿಯಿಂದ ಮಾಡಾಕತ್ತೇನೋ ತಮ್ಮಾ. ಕೈ ನಡಗತಾವ, ಎತ್ತ ನಿಂದ್ರವಲ್ವು."

"ಹೇಳಿದ್ರ ಪ್ಯಾಟ್ಯಾಗಿಂದ ತರತಿದ್ನೆಲ್ಲ!"

"ಕೊಂಡದ್ದ ಯಾಕ? ಕೈಲೆ ಮಾಡಿದ್ದ ಮನ್ಯಾಗ ಇದೊಂದ ಇತ್ತು. ನನ್ನ ಮಗಾ ಮಾಡಿದ್ದು. ಎತ್ತಾದ್ರೇನ, ವಿಮಾನಾದ್ರೇನ."

ಅತ್ತೆ ಓಡಿಹೋಗಿ ಒದ್ದೆ ಬಟ್ಟೆ ತಂದಳು. "ಲಗೂನ ಒರಸ್ರಿ, ಬಸ್ ಹೋಗತೈತಿ," ಎಂದು ಮಾವನ ಕೈಗಿಟ್ಟಳು. ಮಾವ ಬಟ್ಟೆ ಹಿಡಿದು ವಿಮಾನವನ್ನು ನೋಡಿದ, ಆಯಿಯ ಕೈಗಳನ್ನು ನೋಡಿದ. ಆಮೇಲೆ ಅವಳ ಎದುರು ಕೂತು, ಆ ಬಟ್ಟೆಯಿಂದ ಅವಳ ಬೆರಳುಗಳ ಮಣ್ಣನ್ನು ಒಂದೊಂದಾಗಿ ಒರೆಸಿದ.

"ಮಾಮಾ, ಬಸ್ಸು..."

"ನೀ ಹೋಗ ಬೇ. ಪುಣೆ ಮುಂದಿನ ವರ್ಷನೂ ಇರತೈತಿ."

ನಾನು ಹೇಗೆ ಹೋಗಲಿ? ಬಾಣಂತನಕ್ಕೆ ನಾಳೆ ಹೋದರಾಯಿತು ಎಂದು ನಾನೂ ಅಲ್ಲೇ ಕೂತೆ. ಮಾವ ದವಾಖಾನೆಯಿಂದ ತನ್ನ ಸಲಕರಣೆಗಳ ತಟ್ಟೆ ತಂದು, ಮಣ್ಣು ನಾದಿ, ಎತ್ತು ಮಾಡತೊಡಗಿದ. ಬಸ್ಸಿನ ಹಾರ್ನ್ ಓಣಿಯವರೆಗೆ ಕೇಳಿಸಿತು. ಅವನು ತಲೆ ಎತ್ತಲಿಲ್ಲ.

ಮುಗಿದ ಮೇಲೆ ಒಂದು ಎತ್ತನ್ನು ಆಯಿಯ ಅಂಗೈಯಲ್ಲಿಟ್ಟ. ಅವಳು ಹೆಬ್ಬೆರಳಿನಿಂದ ಡುಬ್ಬ ತಡವಿದಳು, ಕೊಂಬು ತಡವಿದಳು, ಕುತ್ತಿಗೆಯ ಕೆಳಗಿನ ಜೋಲು ತೊಗಲನ್ನು ತಡವಿದಳು. ಬೆರಳು ಬಾಯಿಗೆ ಬಂದು ನಿಂತಿತು. ಎತ್ತಿನ ಪೇಟೆಯಲ್ಲಿ ವಯಸ್ಸು ನೋಡುವವರ ಹಾಗೆ ಕೆಳದವಡೆಯ ಮೇಲೆ ಬೆರಳಾಡಿಸಿದಳು. ಅಲ್ಲಿ ಮಾವ ಹಲ್ಲಿಗೆ ತುಂಬುವ ಬಿಳಿ ಸಿಮೆಂಟಿನಿಂದ ಎಳ್ಳಿಗಿಂತ ಸಣ್ಣ ಹಲ್ಲುಗಳನ್ನು ಕೂರಿಸಿದ್ದ.

"ಆರ ಹಲ್ಲ ಹಚ್ಚೇತಿ, ಹರೇದ ಎತ್ತ," ಎಂದಳು ಆಯಿ. ಮತ್ತೊಮ್ಮೆ ತಡವಿ, "ಮ್ಯಾಲ ಹಲ್ಲ ಕೂಡಿಸಿಲ್ಲ. ಎತ್ತಿಗೆ ಮುಂದ ಮ್ಯಾಲಿನ ಹಲ್ಲ ಇರೂದಿಲ್ಲಂತ ನಿನಗ್ಯಾರ ಹೇಳಿದ್ರೋ?" ಎಂದು ಕೇಳಿದಳು.

"ನೀನ ತೋರಿಸಿದ್ದಿ ಯವ್ವಾ. ನಾ ಸಣ್ಣಾವಿದ್ದಾಗ, ಹೊಲದಾಗ, ಎತ್ತಿನ ಬಾಯಿ ತಗದು..."

ಮಾವ ಮಣ್ಣು ಹತ್ತಿದ ಕೈಗಳನ್ನು ಮೇಲಕ್ಕೆತ್ತಿಕೊಂಡೇ ತಾಯಿಯ ತೊಡೆಯ ಮೇಲೆ ತಲೆಯಿಟ್ಟ. ಅತ್ತೆ ಅತ್ತ ತಿರುಗಿ ಕಣ್ಣೊರೆಸಿಕೊಂಡಳು. ನಾನು ಒರೆಸಿಕೊಳ್ಳಲೂ ಮರೆತೆ.

ಆಯಿ ಒಂದು ಕೈಯಲ್ಲಿ ಎತ್ತು ಹಿಡಿದು, ಇನ್ನೊಂದು ನಡುಗುವ ಕೈಯನ್ನು ಮಗನ ಬೋಳು ತಲೆಯ ಮೇಲಿಟ್ಟಳು.

"ಛಲೋ ಎತ್ತೋ ತಮ್ಮಾ. ಇನ್ನ ಭಾಳ ವರ್ಷ ಹೂಡಬಹುದು."