ಹಿಟ್ಟಿನ ಡಬ್ಬಿ ಸಿನಿಮಾದ ಕೊನೆಯ ಹದಿನೇಳು ನಿಮಿಷ

ಈ ರಜೆ ಮುಗಿಯುವುದರೊಳಗೆ ಮಗನೂ ಮಗಳೂ ಪರಸ್ಪರ ಮಾತಾಡುವಂತೆ ಮಾಡದಿದ್ದರೆ ತಮ್ಮ ಇಪ್ಪತ್ತು ವರ್ಷದ ಕತ್ತರಿಯನ್ನು ಗುಜರಿಗೆ ಹಾಕಿಬಿಡುವುದಾಗಿ ಟೈಲರಮ್ಮ ಹೊಲಿಗೆ ಯಂತ್ರದ ಮುಂದೆ ನಿಂತು ಶಪಥ ಮಾಡಿದರು.  ಯಂತ್ರ ಈ ಮನೆಯ ಶಪಥಗಳನ್ನು ಬಹಳ ಕೇಳಿತ್ತು.

ಮಗಳು ಸಿಟಿ ಬಸ್ಸಿನ ಡ್ರೈವರ್. ಅವಳ ತಮ್ಮ ಬೀಗ ರಿಪೇರಿಯವನು. ರಜೆಗೆಂದು ಇಬ್ಬರೂ ತಾಯಿಯ ಮನೆಗೆ ಬಂದು ಒಂದೇ ಸೋಫಾದ ಮೇಲೆ ಕೂತಿದ್ದರೂ ಮಾತು ಮಾತ್ರ ಅಮ್ಮನ ಮೂಲಕವೇ ಹೋಗಿಬರುತ್ತಿತ್ತು.

"ಅಮ್ಮ, ನಿನ್ನ ಮಗನಿಗೆ ಹೇಳು, ಕಾಲು ಆ ಕಡೆ ಇಟ್ಕೊಳ್ಳೋಕೆ."

"ಅಮ್ಮ, ನಿನ್ನ ಮಗಳಿಗೆ ಹೇಳು, ಇದು ಅವಳ ಬಸ್ಸಲ್ಲ ಅಂತ."

ಒಂದು ವರ್ಷದಿಂದ ಟೈಲರಮ್ಮ ಹೀಗೆ ಸಂಬಳವಿಲ್ಲದ ಟೆಲಿಫೋನ್ ಎಕ್ಸ್‌ಚೇಂಜ್ ಆಗಿದ್ದರು. ಅದೂ ಹೋಗಲಿ ಎಂದರೆ, ಸೋಮವಾರದಿಂದ ಮಗಳಿಗೆ ದೂರದ ಊರಿಗೆ ವರ್ಗವಾಗಿತ್ತು. ಎರಡು ತುಂಡು ಬಟ್ಟೆ ಎರಡು ಊರಿಗೆ ಹೋದ ಮೇಲೆ ಹೊಲಿಗೆ ಹಾಕುವುದೆಲ್ಲಿ?

ಜಗಳ ಆಸ್ತಿಯದಲ್ಲ, ಸಿನಿಮಾದ್ದು. ಪ್ರತಿ ರಜೆಯಲ್ಲೂ ಆ ಮನೆಯಲ್ಲಿ ಒಂದು ಹಳೆಯ ಕಪ್ಪು-ಬಿಳುಪು ಚಿತ್ರದ ಕ್ಯಾಸೆಟ್ ಹಾಕುವುದು ರೂಢಿ. ಅದರ ಹೆಸರು ತೆರೆಯ ಮೇಲೆ ಬರುವುದು ನಿಜ. ಆದರೆ ಟೈಲರಮ್ಮ ಮೊದಲ ಅಕ್ಷರ ಕೂಡಿಸಿಕೊಳ್ಳುವಷ್ಟರಲ್ಲಿ ಹೆಸರೇ ಓಡಿಹೋಗುತ್ತಿತ್ತು. ಹಾಗಾಗಿ ಅವರು ಅದನ್ನು ಹಿಟ್ಟಿನ ಡಬ್ಬಿ ಸಿನಿಮಾ ಎಂದು ಕರೆದರು, ಮನೆಯವರೂ ಹಾಗೇ ಕರೆದರು. ಜಗಳವಾಡಿದ ಇಬ್ಬರು ಗಂಡುಮಕ್ಕಳನ್ನು ಒಬ್ಬ ತಾಯಿ ಅಡುಗೆಮನೆಯಲ್ಲಿ ಕೂಡಿಹಾಕಿ, ಚಾವಿಯನ್ನು ಹಿಟ್ಟಿನ ಡಬ್ಬಿಯಲ್ಲಿ ಹೂತಿಡುವ ಕಥೆ ಅದು. ಮನೆಯ ಕೋರ್ಟು, ಕಾನೂನು, ಪಾಠದ ಪುಸ್ತಕ ಎಲ್ಲವೂ ಅದೇ. ತಪ್ಪು ಮಾಡಿದವರು ಊಟಕ್ಕೆ ಕೂರುವ ಮೊದಲೇ ಒಪ್ಪಿಕೊಳ್ಳಬೇಕು ಎನ್ನುವುದು ಅದರಿಂದ ಕಲಿತ ಒಂದು ಪಾಠ. ಕೂಡಿಹಾಕಿದವರು ಕೂಡಿಕೊಳ್ಳುತ್ತಾರೆ ಎನ್ನುವುದು ಇನ್ನೊಂದು.

ಹೋದ ವರ್ಷ ತೆರೆಯ ಮೇಲೆ ಆ ತಾಯಿ ಚಾವಿಗಾಗಿ ಡಬ್ಬಿಗೆ ಕೈಹಾಕಿದ್ದೇ ತಡ, ಚಿತ್ರ ಹೋಗಿ ಬರೀ ಚುಕ್ಕೆಗಳು ಬಂದವು. ಕೊನೆಯ ಹದಿನೇಳು ನಿಮಿಷವನ್ನು ಯಾರೋ ಅಳಿಸಿ, ಅದರ ಮೇಲೆ ಬೇರೇನೋ ರೆಕಾರ್ಡ್ ಮಾಡಿದ್ದರು. ನಿನ್ನ ಮ್ಯಾಚೇ ಇರಬೇಕು ಎಂದಳು ಅಕ್ಕ. ನಿನ್ನ ಹಾಡುಗಳೇ ಇರಬೇಕು ಎಂದ ತಮ್ಮ, ಟೀವಿಯ ಪ್ಲಗ್ ಕಿತ್ತೆಸೆದ. ಅಲ್ಲಿಗೆ ಸಿನಿಮಾವೂ ನಿಂತಿತು, ಮಾತೂ ನಿಂತಿತು.

ಸಿನಿಮಾ ಕೆಡಿಸಿದ್ದನ್ನು ಸಿನಿಮಾವೇ ಸರಿಮಾಡಬೇಕು ಎಂದು ತೀರ್ಮಾನಿಸಿದ ಟೈಲರಮ್ಮ ಶನಿವಾರ ಮಧ್ಯಾಹ್ನ ಅದೇ ಕ್ಯಾಸೆಟ್ ಹಾಕಿಸಿ, ಇಬ್ಬರನ್ನೂ ಟೀವಿಯ ಮುಂದೆ ಕೂರಿಸಿ, ಒಳಗಿನಿಂದ ಬಾಗಿಲಿಗೆ ಬೀಗ ಹಾಕಿದರು. ಮಗನೇ ಕೂರಿಸಿದ ಬೀಗ ಅದು. ಚಾವಿಯಿಲ್ಲದೆ ತನ್ನ ಕೈಯಲ್ಲೂ ತೆಗೆಯಲಾಗದು ಎಂದು ಅವನು ಕೊಚ್ಚಿಕೊಂಡಿದ್ದ. ಅವನ ಸಲಕರಣೆಯ ಚೀಲ ಹೊರಗೆ ವರಾಂಡದಲ್ಲಿತ್ತು. ಈಗ ಚಾವಿ ಅಡಗಿಸಲು ಬೇಕಾದದ್ದು ಹಿಟ್ಟಿನ ಡಬ್ಬಿ. ಆ ಕೋಣೆ ಟೈಲರಮ್ಮನ ಅಂಗಡಿಯೂ ಹೌದು, ಅಲ್ಲಿ ಹಿಟ್ಟೆಲ್ಲಿ ಬರಬೇಕು? ಹೊಲಿದು ಮಡಿಸಿಟ್ಟಿದ್ದ ಒಂದು ಕೆಂಪು ಕೋಟಿತ್ತು. ಅದರ ಒಳಜೇಬಿಗೆ ಚಾವಿ ಇಳಿಬಿಟ್ಟು, ದಂಡನಾಯಕಿಯ ಗತ್ತಿನಲ್ಲಿ ಸೋಫಾದ ನಡುವೆ ಕೂತರು.

ಅರ್ಧ ಸಿನಿಮಾ ಆಗಿರಬಹುದು, ಬೀದಿ ಕಡೆಯ ಕಿಟಕಿಯನ್ನು ಯಾರೋ ತಟ್ಟಿದರು. ಸರಳುಗಳ ನಡುವಿನ ಪುಟ್ಟ ಕಂಡಿಯಿಂದಲೇ ಗಿರಾಕಿಗಳಿಗೆ ಬಟ್ಟೆ ಕೊಡುವುದು ಅವರ ಪದ್ಧತಿ. ಬಂದವರು ಬ್ಯಾಂಡ್ ಮಾಸ್ಟರ್. ಮೆರವಣಿಗೆ ಹೊರಡುತ್ತಿದೆ, ಬೇಗ ಎಂದರು. ಟೈಲರಮ್ಮ ತೆರೆಯಿಂದ ಕಣ್ಣು ಕೀಳದೆ ಕೋಟು ಎತ್ತಿದರು, ಕಂಡಿಯಿಂದ ದಾಟಿಸಿದರು, ವಾಪಸು ಬಂದು ಕೂತರು. ಕೈಗೆ ಅಷ್ಟು ರೂಢಿಯಾಗಿತ್ತು!

ಎರಡು ನಿಮಿಷವಾದ ಮೇಲೆ ಅವರ ಬಾಯಿಂದ "ಅಯ್ಯೋ" ಎಂದಷ್ಟೇ ಬಂತು. ಅಷ್ಟರಲ್ಲಿ ಕೋಟು ಬೀದಿಯ ತಿರುವಿನಾಚೆ ಡ್ರಮ್ ಬಾರಿಸುತ್ತಿತ್ತು.

ವಿಷಯ ತಿಳಿದ ಮಗ ಬೀಗದ ಮುಂದೆ ಮಂಡಿಯೂರಿದ. ಗುಂಡುಸೂಜಿ ಹಾಕಿದ, ದಬ್ಬಳ ಹಾಕಿದ, ಕೊನೆಗೆ ಬೀಗವನ್ನು ಬಯ್ದ.

"ಅಮ್ಮ, ನಿನ್ನ ಮಗನಿಗೆ ಹೇಳು, ಬೀಗ ಮಾತ್ರ ಚೆನ್ನಾಗಿ ಹಾಕಿದ್ದಾನೆ ಅಂತ," ಎಂದಳು ಅಕ್ಕ.

ಬೇರೆ ದಾರಿಯಿಲ್ಲದೆ ಮೂವರೂ ಸಿನಿಮಾ ನೋಡಿದರು. ತೆರೆಯ ಮೇಲಿನ ತಾಯಿ ಡಬ್ಬಿಗೆ ಕೈಹಾಕಿದಳು, ಚುಕ್ಕೆಗಳು ಬಂದವು. ತಮ್ಮನ ಕೈ ಪ್ಲಗ್ಗಿನ ಕಡೆ ಹೋಯಿತು. ಕಿತ್ತರೆ ಎದ್ದು ಎಲ್ಲಿಗೆ ಹೋಗುವುದು ಎಂಬುದು ನೆನಪಾಗಿ ಕೈ ಹಿಂದಕ್ಕೆ ಬಂತು. ಚುಕ್ಕೆಗಳು ಒಂದು ನಿಮಿಷ ಕುಣಿದು ಸರಿದವು. ತೆರೆಯ ಮೇಲೆ ಕನ್ನಡಕದ ಹೆಂಗಸೊಬ್ಬಳು ಕಾಣಿಸಿಕೊಂಡು, ಭುಜದ ಹತ್ತಿರ ನೆರಿಗೆ ಹಿಡಿದು ತೋಳು ಕೂರಿಸುವುದು ಹೇಗೆ ಎಂದು ವಿವರಿಸತೊಡಗಿದಳು.

ತಮ್ಮ ತನ್ನ ಅಂಗಿಯ ತೋಳು ನೋಡಿಕೊಂಡ. ಅಕ್ಕ ತನ್ನದನ್ನು ನೋಡಿಕೊಂಡಳು. ಎರಡೂ ಹೋದ ರಜೆಯಲ್ಲಿ ಅಮ್ಮ ಹೊಲಿದುಕೊಟ್ಟವು. ಟೀವಿ ನೋಡಿ ಕಲಿತ ಹೊಸ ತೋಳು ಎಂದು ಹೆಮ್ಮೆಯಿಂದ ಹೇಳಿ ಕೊಟ್ಟವು. ಭುಜದ ಹತ್ತಿರ ನೆರಿಗೆ ಇತ್ತು.

"ಅಕ್ಕಾ," ಎಂದ ತಮ್ಮ, ಒಂದು ವರ್ಷದ ಮೇಲೆ ಮೊದಲ ಸಲ. "ಇದು ಮ್ಯಾಚಲ್ಲ ಕಣೇ."

"ಹಾಡೂ ಅಲ್ಲ ಕಣೋ," ಎಂದಳು ಅಕ್ಕ.

ಇಬ್ಬರೂ ಒಟ್ಟಿಗೆ ನಡುವೆ ಕೂತಿದ್ದವರ ಕಡೆ ತಿರುಗಿದರು.

ಟೈಲರಮ್ಮನಿಗೆ ಆಗ ಎಲ್ಲ ನೆನಪಾಯಿತು. ಟೀವಿಯಲ್ಲಿ ಆ ತೋಳಿನ ಕಾರ್ಯಕ್ರಮ ಶುರುವಾಗುವ ಮೊದಲು ವಿಡಿಯೋ ಪೆಟ್ಟಿಗೆಯೊಳಗಿದ್ದ ಕ್ಯಾಸೆಟ್ಟನ್ನು ನಿಲ್ಲಿಸೋಣವೆಂದು ಒಂದು ಗುಂಡಿ ಒತ್ತಿದ್ದರು. ಗುಂಡಿಗಳ ಮೇಲಿನ ಅಕ್ಷರ ಓದಲು ಬರದಿದ್ದರೂ ಬಣ್ಣ ಗೊತ್ತಾಗುತ್ತಿತ್ತು.

"ಕೆಂಪು ಅಂದ್ರೆ ನಿಲ್ಲಬೇಕು ಅಂತ ನೀನೇ ತಾನೇ ದಿನಾ ಹೇಳ್ತಿದ್ದೆ," ಎಂದರು ಮಗಳಿಗೆ, ಬಹಳ ಸಣ್ಣ ದನಿಯಲ್ಲಿ.

"ಅದು ಬಸ್ಸಿಗೆ ಅಮ್ಮ, ಇಲ್ಲಿ ಕೆಂಪು ರೆಕಾರ್ಡಿಗೆ."

ತಮ್ಮ ನಕ್ಕು ನಕ್ಕು ಸೋಫಾದಿಂದ ಕೆಳಗೆ ಜಾರಿದ. ಅಕ್ಕ ಅವನನ್ನು ಎತ್ತಲು ಹೋಗಿ ತಾನೂ ಅಲ್ಲೇ ಕೂತಳು. ಆಮೇಲೆ ಇಬ್ಬರೂ ನೆಲದ ಮೇಲೆ ಕೂತು, ಆ ಸಿನಿಮಾ ನಿಜವಾಗಿ ಹೇಗೆ ಮುಗಿಯುತ್ತಿತ್ತು ಎಂದು ಸಂಜೆಯವರೆಗೆ ಕಿತ್ತಾಡಿದರು. ನೇರವಾಗಿ, ಎಕ್ಸ್‌ಚೇಂಜ್ ಇಲ್ಲದೆ. ಟೈಲರಮ್ಮನಿಗೆ ಅಷ್ಟು ಚಂದದ ಜಗಳ ಕೇಳಿ ಎಷ್ಟು ಕಾಲವಾಗಿತ್ತೋ.

ದೀಪ ಹಚ್ಚುವ ಹೊತ್ತಿಗೆ ಕಿಟಕಿಯಲ್ಲಿ ಬ್ಯಾಂಡ್ ಮಾಸ್ಟರ್ ಮುಖ ಕಾಣಿಸಿತು.

"ಟೈಲರಮ್ಮ, ಅಳತೆ ಸರಿಯಾಗಿದೆ. ಆದ್ರೆ ನಿಮ್ಮ ಕೋಟು ಪ್ರತಿ ಪೆಟ್ಟಿಗೂ ಟಿಂಗ್ ಅನ್ನುತ್ತೆ. ಮೆರವಣಿಗೆಯವರು ಹೊಸ ವಾದ್ಯ ಚೆನ್ನಾಗಿದೆ ಅಂದ್ರು. ನನಗೇನೋ ಅನುಮಾನ."

ಚಾವಿ ಕಂಡಿಯಿಂದ ಒಳಗೆ ಬಂತು. ಬಾಗಿಲು ತೆರೆಯಿತು.

ಊಟಕ್ಕೆ ಕೂರುವ ಮೊದಲು ಟೈಲರಮ್ಮ ಸಿನಿಮಾದ ಪಾಠದಂತೆ ನಿಂತುಕೊಂಡೇ ತಪ್ಪು ಒಪ್ಪಿಕೊಂಡರು. ಮಕ್ಕಳು ತಲೆಯಾಡಿಸಿ ತಟ್ಟೆ ಎಳೆದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅಮ್ಮನ ಪಕ್ಕದಲ್ಲೇ ಕೂತಿದ್ದ ಮಗ ಎದುರಿಗಿದ್ದವಳ ಕಡೆ ನೋಡಿ ಹೇಳಿದ:

"ಅಕ್ಕಾ, ನಿಮ್ಮಮ್ಮನಿಗೆ ಹೇಳು, ಉಪ್ಪು ಈ ಕಡೆ ಕೊಡೋಕೆ."

ಟೈಲರಮ್ಮ ಉಪ್ಪಿನ ಬಟ್ಟಲು ಸರಿಸಿದರು. ನಗು ತಡೆದುಕೊಂಡು ಮಗಳ ಕಡೆ ತಿರುಗಿದರು.

"ನಿನ್ನ ತಮ್ಮನಿಗೆ ಹೇಳು, ಹಾಕ್ಕೊಂಡು ಸುಮ್ಮನೆ ಊಟ ಮಾಡೋಕೆ."