ಅಣ್ಣನ ಪಾಲಿನ ಡಿಕ್ಷನರಿ

ಇಂಗ್ಲಿಷನ್ನು ಮನೆಯೊಳಗೆ ಕೂತು ಕಲಿತರೆ ಯಾರಿಗೂ ಏನೂ ಆಗುವುದಿಲ್ಲ. ಕಲಿತದ್ದನ್ನು ಬೀದಿಗೆ ತಂದರೆ ಮಾತ್ರ ಏನಾದರೊಂದು ಆಗಿಯೇ ತೀರುತ್ತದೆ. ನಾನು ಬೀದಿಗೆ ತಂದವಳು.

ಆಗ ನಾನು ಶ್ರೀನಿವಾಸಪುರದ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಹಂಗಾಮಿ ಉಪಾಧ್ಯಾಯಿನಿ. ಸ್ಕೂಲಿಗೆ ಹೋಗಿ ಕಲಿತವಳಲ್ಲ. ಅಂಗಡಿಯವರು ಬೆಲ್ಲ ಕಟ್ಟಿಕೊಟ್ಟ ಕಾಗದ ಬಿಡಿಸಿ ಬಿಡಿಸಿ ಓದಿ, ಖಾಸಗಿಯಾಗಿ ಪರೀಕ್ಷೆ ಕಟ್ಟಿ ಪಾಸಾದವಳು. ಕೆಲಸ ಕಾಯಂ ಆಗಬೇಕಾದರೆ ತನಿಖೆಗೆ ಬರುವ ಇನ್‌ಸ್ಪೆಕ್ಟ್ರೆಸ್, ಇಂಗ್ಲೆಂಡಿನ ದೊರೆಸಾನಿ, ಒಪ್ಪಬೇಕು. "ಆಯಮ್ಮ ಸಣ್ಣಪುಟ್ಟ ಇಂಗ್ಲಿಷಿಗೆ ಬಗ್ಗೋರಲ್ಲ. ದೊಡ್ಡ ದೊಡ್ಡ ಪದ ಬೇಕು. ಇಲ್ದಿದ್ರೆ ನಿಮ್ಮ ಜಾಗಕ್ಕೆ ಬೇರೆಯೋರು ಬರ್ತಾರೆ" ಎಂದು ಹೆಡ್‌ಮಿಸ್ಟ್ರೆಸ್ ದಿನಾ ಪ್ರಾರ್ಥನೆ ಮುಗಿದ ಕೂಡಲೇ ನೆನಪಿಸುತ್ತಿದ್ದರು. ಮನೆಯಲ್ಲಿ ನಾನು ಮತ್ತು ಗಂಡ ಸತ್ತ ನಮ್ಮಕ್ಕ. ಈ ಕೆಲಸ ಹೋದರೆ ಇಬ್ಬರೂ ಚಿಕ್ಕಪ್ಪನ ಮನೆಯ ಒಲೆ ಮುಂದೆ ಹೋಗಿ ಬೀಳಬೇಕು. ಅದರ ಮುಂದೆ ಇಂಗ್ಲಿಷ್ ಎಷ್ಟರದು?

೧. ತೂಕ ನೋಡಿ ಹರಿದದ್ದು

ದೊಡ್ಡ ಪದ ಬೇಕೆಂದರೆ ದೊಡ್ಡ ಡಿಕ್ಷನರಿ ಬೇಕು. ಮುಳಬಾಗಿಲಿನಲ್ಲಿ ವಕೀಲರೊಬ್ಬರು ತೀರಿಕೊಂಡು ಮಕ್ಕಳಿಬ್ಬರೂ ಪಾಲಾಗಿದ್ದರು. ಹಿರಿಮಗ ಪುಸ್ತಕ ಮಾರುತ್ತಿದ್ದಾನೆಂದು ತಿಳಿದು ಬಸ್ಸು ಹತ್ತಿದೆ. ಆತ ತಂದಿಟ್ಟ ಡಿಕ್ಷನರಿಗೆ ಮುಂದಿನ ರಟ್ಟಿತ್ತು, ಹಿಂದಿನದಿರಲಿಲ್ಲ. 'ಎ'ಯಿಂದ ಹೊರಟದ್ದು 'ಎಲ್' ನಡುವೆ ನಿಂತುಹೋಗಿತ್ತು.

"ಮಿಕ್ಕಿದ್ದೆಲ್ಲಿ?"

"ತಮ್ಮನ ಪಾಲಿಗೆ ಹೋಯ್ತು. ಪಂಚಾಯ್ತಿಯೋರು ತಕ್ಕಡೀಲಿಟ್ಟು ತೂಕ ನೋಡೇ ಹರಿದಿದ್ದು. ಮೋಸ ಇಲ್ಲ."

"ಅರ್ಧ ಭಾಷೆ ಕಟ್ಕೊಂಡು ನಾನೇನು ಮಾಡ್ಲಿ ಸ್ವಾಮಿ?"

"ನಮ್ಮಪ್ಪ ಪೂರ್ತಿ ಇಟ್ಕೊಂಡಿದ್ರಲ್ಲ, ಅವರೇನು ಕೇಸು ಗೆದ್ರಾ?"

ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸು ಹೋಗುವ ಜಾತಿಯವಳಲ್ಲ ನಾನು. ಕೊಂಡೆ. ಮನೆಗೆ ಬಂದು ನೋಡಿದರೆ ಸಿಟ್ಟು ಮಾಡಲು, ಆಜ್ಞೆ ಕೊಡಲು, ತಪ್ಪು ಹಿಡಿಯಲು ಬೇಕಾದದ್ದೆಲ್ಲ ಅಣ್ಣನ ಪಾಲಿನಲ್ಲಿ ಧಾರಾಳವಾಗಿತ್ತು. ಪ್ಲೀಸು, ಸಾರಿ, ಥ್ಯಾಂಕ್ಯೂ, ಇವು ಮೂರೂ ತಮ್ಮನ ಮನೆಯಲ್ಲಿ ಉಳಿದಿದ್ದವು. ಅಕ್ಕನಿಗೆ ಹೇಳಿಕೊಂಡು ಪೇಚಾಡಿದೆ.

"ಸರಿಯಾಗೇ ಪಾಲಾಗಿದೆ ಬಿಡೇ" ಅಂದಳು ಅಕ್ಕ. "ನಿನಗೆ ಅವು ಕನ್ನಡದಲ್ಲೂ ಬರಲ್ಲ."

೨. ಶುಕ್ರವಾರದ ತಂತಿ

ಅರ್ಧ ಡಿಕ್ಷನರಿಗೇ ನನಗೆ ಸುತ್ತಮುತ್ತ ಹೆಸರಾಯಿತು. ಒಂದು ದಿನ ರಾಯಲ್ಪಾಡಿನ ಕಡೆಯ ರೈತನೊಬ್ಬ ತಂತಿ ಹಿಡಿದುಕೊಂಡು ಬಂದ. ಹಿಂದೆ ಮನೆಯ ಹೆಂಗಸರು. ಆ ಕಾಲದಲ್ಲಿ ತಂತಿ ಬಂದರೆ ಮೊದಲು ಅತ್ತು, ಆಮೇಲೆ ಓದಿಸುವುದು ವಾಡಿಕೆ. ಅವನ ಅಪ್ಪ ಕೋಲಾರದ ಆಸ್ಪತ್ರೆಯಲ್ಲಿದ್ದ.

"ಫಾದರ್ ರಿಕ್ಯುಪರೇಟಿಂಗ್, ಕಮಿಂಗ್ ಫ್ರೈಡೇ" ಎಂದಿತ್ತು. ಅಪ್ಪ ಚೇತರಿಸಿಕೊಳ್ಳುತ್ತಿದ್ದಾರೆ ಎಂದು ಈಗ ಹೇಳಬಲ್ಲೆ. ಆಗ ಫಾದರ್ ಗೊತ್ತು, ಕಮಿಂಗ್ ಗೊತ್ತು, ಫ್ರೈಡೇ ಗೊತ್ತು. ನಡುವಿನದು 'ಆರ್', ಮುಳಬಾಗಿಲಿನಲ್ಲಿತ್ತು. ಗೊತ್ತಿಲ್ಲ ಎನ್ನುವುದು ನನ್ನ ನಾಲಗೆಗೆ ಅಭ್ಯಾಸವಿಲ್ಲ.

"ಅಮ್ಮಾ, ನಾಯನ ಉನ್ನಾಡಾ, ಲೇಡಾ?" ಅಪ್ಪ ಇದ್ದಾನೋ ಇಲ್ಲವೋ ಹೇಳು ಎಂದು ರೈತ ಗೋಗರೆದ.

"ಶುಕ್ರವಾರ ಬರ್ತಾರೆ."

"ನಡ್ಕೊಂಡು ಬರ್ತಾರಾ, ಹೊತ್ಕೊಂಡು ಬರ್ತಾರಾ?"

"ಅದನ್ನ ಬರೆದಿಲ್ಲ. ಎರಡಕ್ಕೂ ತಯಾರಾಗಿರಿ."

ಅವರು ನನ್ನ ಮಾತು ಚಾಚೂ ತಪ್ಪದೆ ನಡೆಸಿದರು. ಒಳಗೆ ಒಬ್ಬಟ್ಟಿಗೆ ಬೇಳೆ ಬೇಯಿಸಿ, ಹೊರಗೆ ಚಟ್ಟಕ್ಕೆ ಬಿದಿರು ತಂದಿಟ್ಟರು. ಶುಕ್ರವಾರ ಮುದುಕ ಬಸ್ಸಿಳಿದು, ಕೋಲೂರಿಕೊಂಡು ಮನೆ ಹತ್ತಿರ ಬಂದು, ಬಾಗಿಲಲ್ಲಿ ಬಿದಿರು ಕಂಡು, ಟವಲ್ಲು ಬಾಯಿಗಿಟ್ಟುಕೊಂಡು ಗೊಳೋ ಎಂದು ಅಳತೊಡಗಿದನಂತೆ: "ಯಾರು ಹೋದ್ರೋ, ಅಯ್ಯೋ, ನನಗೊಂದು ತಂತಿ ಕೊಡಬಾರದಿತ್ತೇನ್ರೋ!"

೩. ಜಗಲಿಯ ಮೇಲೆ

ಇನ್ನು ಅರ್ಧದಲ್ಲಿ ಬದುಕಲಾರೆನೆನಿಸಿತು. ಮುಂದಿನ ಭಾನುವಾರವೇ ತಮ್ಮನ ಮನೆಗೆ ಹೋದೆ. ಇದ್ದ ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿದ್ದರು. "ಮಾರಲ್ಲ. ಬೇಕಾದ್ರೆ ಜಗಲಿ ಮೇಲೆ ಕೂತು ಓದ್ಕೊಳ್ಳಿ" ಎಂದು ಆತ ಪುಸ್ತಕ ಕೊಟ್ಟು ಒಳಗೆ ಹೋದ. ಎರಡು ಹಾಳೆ ತಿರುಗಿಸುವುದರೊಳಗೆ ಪಕ್ಕದ ಜಗಲಿಗೆ ಅಣ್ಣ ಬಂದ.

"ಏನಮ್ಮಾ, ನನ್ನ ಪಾಲು ಕೊಂಡ್ಕೊಂಡು ಅವನ ಜಗಲಿ ಮೇಲೆ ಕೂತಿದ್ದೀರಾ?"

ತಮ್ಮ ಒಳಗಿನಿಂದಲೇ ಕೂಗಿದ: "ನಿನ್ನ ಪಾಲಲ್ಲಿರೋದು ಬರೀ ಹೊಟ್ಟು. ಅದಕ್ಕೇ ಬಂದಿದಾರೆ!"

"ಲೋ, ನನ್ನ ಪಾಲಿಲ್ದೆ ನೀನು ಒಂದು ಅರ್ಜಿ ಶುರು ಮಾಡೋಕಾಗಲ್ಲ ಕಣೋ!"

"ನನ್ನ ಪಾಲಿಲ್ದೆ ನೀನು ಪ್ಲೀಡರ್ ಮಗ ಅಂತ ಹೇಳ್ಕೊಳ್ಳೋಕಾಗಲ್ಲ ಕಣೋ! ಪ್ಲೀಡರೂ ಇಲ್ಲೇ, ಸನ್ನೂ ಇಲ್ಲೇ!"

ಬೀದಿ ತುಂಬ ಜನ. ನಾನು ಗಾಬರಿಯಾಗಿ ಪುಸ್ತಕ ಇಟ್ಟು ಮೆಟ್ಟಿಲಿಳಿದೆ. ತಮ್ಮನ ಹೆಂಡತಿ ಮಜ್ಜಿಗೆ ಲೋಟ ಹಿಡಿದು ಹಿಂದೆಯೇ ಓಡಿಬಂದಳು. ಕಣ್ಣಲ್ಲಿ ನೀರು.

"ನನ್ನಿಂದ ಮನೇಲಿ ಜಗಳವಾಯ್ತಲ್ಲಮ್ಮ" ಎಂದೆ.

"ಅಯ್ಯೋ ಅಕ್ಕಾ, ಪಾಲಾದ ಮೇಲೆ ಇವರಿಬ್ರೂ ಇವತ್ತೇ ಮಾತಾಡಿದ್ದು. ಮುಂದಿನ ಭಾನುವಾರನೂ ಬನ್ನಿ!"

೪. ಬಾಗಿಲು ಹಾಕಿಕೊಂಡ ತನಿಖೆ

ಹಾಗೆ ಭಾನುವಾರ ಭಾನುವಾರ ಹೋಗಿ ಉಳಿದರ್ಧವನ್ನೂ ಅರೆದು ಕುಡಿದೆ. ದೊರೆಸಾನಿ ಬರುವ ದಿನ ಬಂತು. ಆಕೆ ಕ್ಲಾಸಿಗೆ ಕಾಲಿಟ್ಟದ್ದೇ ತಡ, ಯಾವ ಅಕ್ಷರಕ್ಕೂ ಅನ್ಯಾಯವಾಗದಂತೆ ಕಟ್ಟಿದ್ದ ಸ್ವಾಗತದ ವಾಕ್ಯವನ್ನು ಒಂದೇ ಉಸಿರಿಗೆ ಒಪ್ಪಿಸಿದೆ. ದೊರೆಸಾನಿ ಒಂದು ಹೆಜ್ಜೆ ಹಿಂದೆ ಸರಿದರು. ಮಕ್ಕಳನ್ನೂ ಹೆಡ್‌ಮಿಸ್ಟ್ರೆಸ್ಸನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. ಮುಗಿಯಿತು ನನ್ನ ಕಥೆ ಎಂದುಕೊಂಡೆ.

ಆಕೆ ಬೆಂಚಿನ ಮೇಲೆ ಕುಸಿದು ಕೂತು, ತೀರ ಚಿಕ್ಕ ಚಿಕ್ಕ ಇಂಗ್ಲಿಷ್ ಪದಗಳಲ್ಲಿ ಹೇಳಿದ್ದಿಷ್ಟು: "ನಿಮಗೆ ಇಂಗ್ಲಿಷ್ ಬೇಕಾದಷ್ಟಿದೆ. ನನಗೆ ಕನ್ನಡ ಸಾಲದು. ಸೋಮವಾರ ಸರ್ಕಾರದ ಕನ್ನಡ ಪರೀಕ್ಷೆ ಇದೆ. ಪಾಸಾಗದಿದ್ದರೆ ನನ್ನ ಕೆಲಸವೂ ಕಾಯಂ ಆಗುವುದಿಲ್ಲ. ಹೋದ ಸಲ ಒಬ್ಬ ರೈತನನ್ನು ಕೂರಿಸಿ ಮಾತಾಡಿಸಿ ಅಂದರು. ಪಂಡಿತರು ಕಲಿಸಿದಂತೆಯೇ, 'ಎಲೈ ಕೃಷೀವಲನೇ, ನಿನ್ನ ಗೃಹದೊಳ್ ಸರ್ವರೂ ಕುಶಲವೇ?' ಎಂದೆ. ಅವನು ಮಂಗಳಾರತಿ ಆಗುತ್ತಿದೆ ಎಂದುಕೊಂಡು ಎದ್ದು ಕೈ ಮುಗಿದ. ಫೇಲಾದೆ. ನೀವು ಮನೆಗೆ ಬರುವ ಹಾಲಿನವಳ ಹತ್ತಿರ ಆಡುವ ಕನ್ನಡ ನನಗೆ ಕಲಿಸಿ."

ಹಾಲಿನವಳ ಹತ್ತಿರ ನಾನಾಡುವ ಕನ್ನಡ ಒಂದೇ ಬಗೆಯದು. ಕಲಿಸಿದೆ.

"ಏನೇ, ಇಷ್ಟೊತ್ತು ಎಲ್ಲಿ ಹಾಳಾಗಿದ್ದೆ?"

"ಏನೇ, ಇಷ್ಟೊತ್ತು ಎಲ್ಲಿ ಹಾಳಾಗಿದ್ದೆ?" ದೊರೆಸಾನಿ ನನಗಿಂತ ಜೋರು.

"ಇದು ಹಾಲೇನೇ? ತಗೊಂಡ್ಹೋಗಿ ಮುಖ ತೊಳ್ಕೋ!"

"ತಗೊಂಡ್ಹೋಗಿ ಮುಖ ತೊಳ್ಕೋ!"

"ನಾಚಿಕೆ ಆಗಲ್ವೇನೇ ನಿನಗೆ?"

"ನಾಚಿಕೆ ಆಗಲ್ವೇನೇ ನಿನಗೆ?"

ಬಾಗಿಲಾಚೆ ಕಿವಿಯಿಟ್ಟು ನಿಂತಿದ್ದ ಹೆಡ್‌ಮಿಸ್ಟ್ರೆಸ್‌ಗೆ ಕೇಳಿದ್ದು ಇಷ್ಟೇ. ಬಾಗಿಲು ತೆಗೆದಾಗ ಅವರು ಕೈ ಮುಗಿದುಕೊಂಡು ಬಿಕ್ಕುತ್ತಿದ್ದರು. "ಕ್ಷಮಿಸಿ ಮೇಡಂ, ಇವರನ್ನ ಇವತ್ತೇ ಮನೆಗೆ ಕಳಿಸ್ತೀನಿ..."

ದೊರೆಸಾನಿ ನನ್ನತ್ತ ಬೆರಳು ತೋರಿಸಿ, "ಇವರು ಕಾಯಂ!" ಎಂದು ಕನ್ನಡದಲ್ಲೇ ಘೋಷಿಸಿದರು. ಆಕೆ ಕಾರಿನ ಕಡೆ ಹೋಗುತ್ತಾ, ಐವತ್ತು ದಾಟಿದ ನಮ್ಮ ಹೆಡ್‌ಮಿಸ್ಟ್ರೆಸ್ಸಿನ ಭುಜ ತಟ್ಟಿ, ಅಪ್ಪಟ ಶ್ರೀನಿವಾಸಪುರದ ಧಾಟಿಯಲ್ಲಿ ಪ್ರೀತಿಯಿಂದ ಹೇಳಿದರು:

"ಯಾಕೇ ಅಳ್ತೀಯಾ, ಹಾಳಾದವಳೇ? ಹೋಗ್ಬರ್ತೀನಿ ಕಣೇ!"