ಗಂಜಾಮಿನಲ್ಲಿ ನನಗಾದ ಅವಸರ

ಚರಿತ್ರೆಯ ಪುಸ್ತಕಗಳಲ್ಲಿ ನನಗೆ ಕಾಣುವ ದೊಡ್ಡ ಕೊರತೆಯೊಂದಿದೆ. ಕೋಟೆ ಕಟ್ಟಿಸಿದವರು ಯಾರು, ಮುತ್ತಿಗೆ ಹಾಕಿದವರು ಯಾರು, ಯಾವ ಬಾಗಿಲಿನಿಂದ ನುಗ್ಗಿದರು ಎಂಬುದನ್ನೆಲ್ಲ ವಿವರವಾಗಿ ಬರೆದಿರುತ್ತಾರೆ. ಒಳಗಿದ್ದ ಅಷ್ಟೊಂದು ಜನ, ಅದರಲ್ಲೂ ಹೆಂಗಸರು, ಅವಸರವಾದಾಗ ಎಲ್ಲಿಗೆ ಹೋಗುತ್ತಿದ್ದರು ಎಂಬುದನ್ನು ಮಾತ್ರ ಒಬ್ಬರೂ ಬರೆಯುವುದಿಲ್ಲ. ವಯಸ್ಸಿದ್ದಾಗ ನನಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ಅರವತ್ತು ದಾಟಿದ ಮೇಲೆ ಯಾವ ಊರಿನಲ್ಲಿ ಬಸ್ಸಿಳಿದರೂ ಮೊದಲು ಹೊಳೆಯುವುದೇ ಇದು. ದೇವಸ್ಥಾನ, ಅರಮನೆ ಎಲ್ಲ ಆಮೇಲೆ. ಇದರ ಮೇಲೆ ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಈ ವಿಷಯಕ್ಕೆಂದು ಸಿಸ್ಟರುಗಳು ನಮಗೆ ಕಲಿಸಿದ್ದು "ಮೇ ಐ ಬಿ ಎಕ್ಸ್‌ಕ್ಯೂಸ್ಡ್" ಎಂಬ ಒಂದೇ ವಾಕ್ಯ. ಎಲ್ಲಿಗೆ, ಏತಕ್ಕೆ ಎಂದು ಬಾಯಿಬಿಟ್ಟು ಹೇಳುವುದು ಲೇಡಿಲೈಕ್ ಅಲ್ಲ. ಆ ವಾಕ್ಯವನ್ನು ಮಂಡ್ಯ ಜಿಲ್ಲೆಯಲ್ಲಿ ಯಾರ ಮುಂದೆ ಹೇಳುವುದು? ಕನ್ನಡದಲ್ಲಿ ಇದಕ್ಕೆ ಮಾತುಗಳಿಲ್ಲವೆಂದಲ್ಲ, ಬೇಕಾದಷ್ಟಿವೆ. ನನ್ನ ಬಾಯಿಗೆ ಬರುವುದಿಲ್ಲ, ಅಷ್ಟೆ.

ಊರೂರಿಗೂ ಎಸ್‌ಟಿಡಿ ಬೂತು ಬಂದಿದ್ದ ಹೊಸತು. ಕಾನ್ವೆಂಟಿನಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಐರಿನ್ ಮಂಗಳೂರಿನ ಒಂದು ಬೂತಿನಿಂದ ಫೋನ್ ಮಾಡಿ, ಪಾಂಡವಪುರದ ನನ್ನ ಮನೆಗೆ ಬರುವುದಾಗಿ ಹೇಳಿದಳು. ಅವಳ ಮನೆ ಸಮುದ್ರದ ದಂಡೆಯಲ್ಲಿದೆ. ಯಾವಾಗ ಮಾತಾಡಿದರೂ "ಪೂರ್ ಯೂ, ನಿಮ್ಮಲ್ಲಿ ಸೀ ಇಲ್ಲವಲ್ಲ" ಎನ್ನುವುದು ಅವಳ ಅಭ್ಯಾಸ. ಸಮುದ್ರವನ್ನು ಅವಳ ತಂದೆಯೇ ತೋಡಿಸಿದಂತೆ. ಈ ಸಲ ಅವಳಿಗೆ ನಮ್ಮದನ್ನೂ ತೋರಿಸಿಬಿಡಬೇಕೆಂದು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದೆ. ಸಮುದ್ರವಿಲ್ಲದಿದ್ದರೇನು, ಸುತ್ತ ಹೊಳೆಯಿರುವ ಐಲ್ಯಾಂಡ್ ಇದೆಯಲ್ಲ. ಕೋಟೆ, ದೇವಸ್ಥಾನ ಎಲ್ಲರೂ ನೋಡುವುದೇ. ನಾವು ಪಟ್ಟಣದ ಅಂಚಿನ ಗಂಜಾಮಿಗೆ ಹೋಗೋಣ ಎಂದೆ. ಹಿಂದೆ ನೇಕಾರರು, ವ್ಯಾಪಾರಿಗಳು ತುಂಬಿದ್ದ ಪೇಟೆಯಂತೆ ಅದು. ಈಗ ಹಳೆಯ ಇಗರ್ಜಿ, ಹೊಳೆಯ ದಡದ ಅಮ್ಮನವರ ಗುಡಿ, ಕಂಬದ ಜಗಲಿಯ ಕೆಲವು ಮನೆಗಳು, ಉಳಿದಂತೆ ಗದ್ದೆ. ಪಟ್ಟಣದಲ್ಲಿ ಇಳಿದವರೇ ಒಂದೊಂದು ಎಳನೀರು ಕುಡಿದೆವು. ಜಟಕಾ ಸಿಗುವವರೆಗೆ ಕಬ್ಬಿನ ಹಾಲು ಕುಡಿದೆವು. ಆ ಕಬ್ಬಿನ ಹಾಲು ಬೇಡವೆಂದು ನನ್ನ ಒಳಮನಸ್ಸು ಹೇಳಿತ್ತು. ಐರಿನ್ ಎದುರಿಗೆ ನಮ್ಮ ಜಿಲ್ಲೆಯ ಮಾನ ಕಾಯಲು ಕುಡಿದೆ.

ಜಟಕಾದವನು ನಮ್ಮನ್ನು ಇಗರ್ಜಿಯ ಹತ್ತಿರ ಇಳಿಸಿ, ಸಾಯಂಕಾಲ ಬರುತ್ತೇನೆಂದು ಹೊರಟುಹೋದ. ಐರಿನ್ ಇಗರ್ಜಿಯಲ್ಲಿ ಮೊಣಕಾಲೂರಿ ಬಹಳ ಹೊತ್ತು ಪ್ರಾರ್ಥಿಸಿದಳು. ನಾನೂ ಪ್ರಾರ್ಥಿಸಿದೆ, ನನ್ನ ಕೋರಿಕೆ ಬೇರೆಯಾಗಿತ್ತು. ಆಚೆ ಬಂದರೆ ಎಲ್ಲಿ ನೋಡಿದರೂ ಬಟಾಬಯಲು. ಹೊಳೆಯ ಕಡೆ ನೋಡಿದರೆ ಗುಡಿಗೆ ಬಂದ ಜನ, ತೆಪ್ಪದವರು, ಕ್ಯಾಮೆರಾ ಹಿಡಿದವರು. ಅಷ್ಟರಲ್ಲಿ ಐರಿನ್ ಒಂದು ಮನೆಯ ಮುಂದೆ ನಿಂತು, "ಲುಕ್ ಅಟ್ ದಟ್ ಪಿಲ್ಲರ್! ಸೋ ಪಿಕ್ಚರೆಸ್ಕ್!" ಎಂದು ಕಂಬವನ್ನು ಸವರತೊಡಗಿದಳು. ಆ ಮನೆಯ ಯಜಮಾನರಾದ ನಿಂಗೇಗೌಡರು ಜಗಲಿಯ ಮೇಲೆ ಕೂತಿದ್ದರು. "ಕಂಬ ಯಾಕ್ ನೋಡ್ತೀರವ್ವಾ, ಬನ್ನಿ, ಕುಂತ್ಕಳಿ" ಎಂದು ಚಾಪೆ ಹಾಸಿಸಿದರು. ಸೊಸೆ ರತ್ನ, ಏಳು ತಿಂಗಳ ಬಸುರಿ, ದೊಡ್ಡ ಲೋಟಗಳಲ್ಲಿ ಮಜ್ಜಿಗೆ ತಂದಿಟ್ಟಳು.

ನಮ್ಮ ಕಡೆ ಯಾರ ಮನೆಯ ಮಜ್ಜಿಗೆಯನ್ನೂ ಬರಿದೆ ಕುಡಿಯುವ ಹಾಗಿಲ್ಲ, ವಂಶಾವಳಿ ಒಪ್ಪಿಸಬೇಕು. "ಯಾವೂರಾಯ್ತು? ಯಾರ ಪೈಕಿ?" ಎಂದು ಗೌಡರು ಶುರುಮಾಡಿದರು. ಪಾಂಡವಪುರದಿಂದ ಹೊರಟ ನನ್ನ ವಂಶ ಕೆ.ಆರ್. ಪೇಟೆಗೆ ಹೋಯಿತು, ಅಲ್ಲಿಂದ ನಾಗಮಂಗಲ. ನಮ್ಮತ್ತೆಯವರ ತವರು ಬಿಂಡಿಗನವಿಲೆ ಎಂದದ್ದೇ ಗೌಡರು ತೊಡೆ ತಟ್ಟಿದರು. "ನಮ್ಮ ಸೋದರಮಾವಂದೂ ಅದೇ ಊರು ಕಣವ್ವಾ! ಅಂಗಾರೆ ನೀವು ನಮ್ಗೆ ನೆಂಟ್ರೇ ಆದ್ರಿ. ಅಮ್ಮೀ ರತ್ನಾ, ಕಾಪಿ ಇಡವ್ವ, ನೆಂಟ್ರು ಬಂದವ್ರೆ!"

ಕಾಫಿಯೆಂಬ ಮಾತು ಕೇಳಿ ನನಗೆ ನಿಜವಾಗಿ ಕಣ್ಣು ಕತ್ತಲೆ ಬಂತು. ಇನ್ನು ಲೇಡಿಲೈಕ್ ಆಗಿದ್ದರೆ ಉಳಿಗಾಲವಿಲ್ಲವೆಂದು ರತ್ನಳ ಹಿಂದೆ ಅಡುಗೆಮನೆಗೆ ನುಗ್ಗಿ, ಅವಳ ಕಿವಿಯಲ್ಲಿ ನನ್ನ ಕಷ್ಟ ಉಸುರಿದೆ. ಯಾವ ಮಾತಿನಲ್ಲಿ ಹೇಳಿದೆನೋ ನೆನಪಿಲ್ಲ, ಕಾನ್ವೆಂಟಿನದಂತೂ ಅಲ್ಲ. ಅವಳು ಕಣ್ಣರಳಿಸಿದಳು. "ಅಯ್ಯೋ ಅಮ್ಮಾವ್ರೆ, ಇಲ್ಲೆಲ್ಲಿ ಅದೆ? ನಾವು ಬೆಳಕಾಗೋಕ್ ಮುಂಚೆ ಒಂದ್ಸಲ, ಕತ್ತಲಾದ್ಮೇಲೆ ಒಂದ್ಸಲ ಒಳೆತಾವ ಓಗಿ ಬರೋದು. ಈಗ ಅಲ್ಲೂ ಯಾವಾಗ್ಲೂ ನಿಮ್ಮಂಗೆ ನೋಡೋಕ್ ಬಂದೋರೇ ಇರ್ತಾರೆ. ಈ ಒಟ್ಟೆ ಒತ್ಕಂಡು ನಾನೆಲ್ಲಿಗೆ ಓಗ್ಲಿ? ಒಂದು ಕಟ್ಟಿಸ್ಕೊಡಿ ಅಂತ ಮಾವನ್ನ ಕೇಳಿ ಕೇಳಿ ಸಾಕಾಯ್ತು."

ಹಾಗೆಂದವಳು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಲಾಟರಿ ಹೊಡೆದವರ ಮುಖ ಹೇಗಿರುತ್ತದೆಂದು ನನಗೆ ಆಗ ತಿಳಿಯಿತು. ನಾನು ತಡೆಯುವ ಮೊದಲೇ ಅವಳು ಜಗಲಿಗೆ ಹೋಗಿ, ಬೀದಿಗೆಲ್ಲ ಕೇಳುವ ಹಾಗೆ, "ಮಾವಾ, ನಿಮ್ಮ ನೆಂಟ್ರಿಗೆ ಅವಸರವಂತೆ. ಎಲ್ಲಿಗ್ ಕಳಿಸ್ಲಿ?" ಎಂದಳು.

ಗೌಡರು ತಬ್ಬಿಬ್ಬಾದರು. "ಸುಮ್ನಿರಮ್ಮೀ, ಮೆತ್ತಗೆ."

"ಯಾಕ್ ಮೆತ್ತಗೆ? ನಾನ್ ಕೇಳ್ದಾಗೆಲ್ಲ ಒಳೆ ಅದೆ, ಬಯಲದೆ ಅಂತಿದ್ರಲ್ಲ, ಈಗ ಈ ವಯಸ್ಸಾದೋರ್ಗೂ ಏಳಿ ನೋಡುವಾ!"

"ದೇವರಮನೆ ಇರೋ ಮನೇಲಿ ಅದ್ನೆಲ್ಲ ಕಟ್ಟಿಸ್ಕಳಕ್ಕಾಯ್ತದಾ?"

"ಅಂಗಾರೆ ಎರಿಗೆಗೆ ಅಂತ ಅರಕೆರೆಗೆ ಓದೋಳು ನಾನು ವಾಪಸ್ ಬರಾಕಿಲ್ಲ, ಅಷ್ಟೆಯ. ನಮ್ಮಪ್ಪನ ಮನೇಲದೆ. ಮೊಮ್ಮಗನ್ನ ನೋಡ್ಬೇಕು ಅಂದ್ರೆ ನೀವೇ ಬಸ್ಸತ್ಕಂಡು ಬನ್ನಿ."

ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಎದುರುಮನೆಯ ಮುದುಕಿಯೊಬ್ಬಳು, "ಪಾಪ, ಎಷ್ಟೊತ್ನಿಂದ ತಡ್ಕಂಡವ್ರಂತೆ?" ಎಂದು ಕೇಳಿದಳು. ನಾನು ಕಂಬದ ಕೆತ್ತನೆಯನ್ನು ಅತ್ಯಂತ ಆಸಕ್ತಿಯಿಂದ ನೋಡುತ್ತಿದ್ದೆ. ಮಂಡ್ಯದ ಕನ್ನಡ ಒಂದಿಷ್ಟೂ ತಿಳಿಯದ ಐರಿನ್, "ವಾಟ್ ಆರ್ ದೇ ಡಿಸ್ಕಸಿಂಗ್?" ಎಂದಳು. "ಹಿಸ್ಟರಿ" ಎಂದೆ.

ಗೌಡರ ಸಂಕಟವನ್ನು ನೋಡಲಾಗುತ್ತಿರಲಿಲ್ಲ. ಸೊಸೆಯ ಮಾತನ್ನು ಅವರು ಎಷ್ಟು ದಿನ ಬೇಕಾದರೂ ತಳ್ಳಿಹಾಕಬಹುದಿತ್ತು. ಮನೆಗೆ ಬಂದ ನೆಂಟರಿಗೆ ಇಲ್ಲವೆನ್ನುವುದು ಹೇಗೆ? ಆ ಬೀದಿಯಲ್ಲಿ ಅದು ಇದ್ದದ್ದು ಪಕ್ಕದ ಮನೆಯಲ್ಲಿ ಮಾತ್ರ. ಅದು ಅವರ ಚಿಕ್ಕಪ್ಪನ ಮಗ ಜವರಣ್ಣನ ಮನೆ. ನಡುವಿನ ಗೋಡೆಯ ತಕರಾರಿನಲ್ಲಿ ಇಬ್ಬರಿಗೂ ಮಾತು ಬಿಟ್ಟು ವರ್ಷಗಳಾಗಿದ್ದವಂತೆ. ಗೌಡರು ಎದ್ದರು, ಟವೆಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿದರು, "ಬನ್ನಿ" ಎಂದರು. ಮುಂದೆ ಗೌಡರು, ಹಿಂದೆ ನಾನು, ನನ್ನ ಹಿಂದೆ ರತ್ನ, ಕ್ಯಾಮೆರಾ ಹಿಡಿದ ಐರಿನ್, ಎದುರುಮನೆಯ ಮುದುಕಿ. ಇಂಥ ಮೆರವಣಿಗೆ ನನಗೆ ಮದುವೆಯಲ್ಲೂ ಸಿಕ್ಕಿರಲಿಲ್ಲ.

ಜವರಣ್ಣ ಬಾಗಿಲಲ್ಲೇ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದನೆಂದು ಮುಖವೇ ಹೇಳುತ್ತಿತ್ತು. "ಏನಣ್ಣೋ, ದಾರಿ ತಪ್ಪಿ ಬಂದ್ಬುಟ್ಯಾ?"

"ನೆಂಟ್ರು ಬಂದವ್ರೆ ಕಣ್ಲಾ. ಅವ್ರಿಗೆ ಒಸಿ..." ಗೌಡರಿಗೆ ಮುಂದಿನ ಮಾತು ಹೊರಡಲಿಲ್ಲ. ಅವರೂ ಕಾನ್ವೆಂಟಿನಲ್ಲಿ ಓದಿದವರೇನೋ ಎನ್ನಿಸಿತು.

"ಕಾಪಿ ನಿಮ್ಮನೇಲಿ, ಮಿಕ್ಕಿದ್ದು ನಮ್ಮನೇಲಾ?" ಎಂದು ಜವರಣ್ಣ ನಕ್ಕ. ಆಮೇಲೆ ನನ್ನ ಕಡೆ ತಿರುಗಿ, "ನೀವ್ ಬನ್ನಿ ತಾಯಿ. ಅದು ಬೇರೆ ಇಸ್ಯ" ಎಂದು ಹಿತ್ತಲಿನ ನೀಲಿ ಬಾಗಿಲು ತೋರಿಸಿದ.

ಒಳಗಿನ ಆ ಗಳಿಗೆಯ ಬಗ್ಗೆ ನಾನು ಬರೆಯುವುದಿಲ್ಲ. ಚರಿತ್ರೆಕಾರರ ಸಂಪ್ರದಾಯವನ್ನು ಮುರಿಯಲು ನಾನು ಯಾರು? ಆಚೆ ಬಂದಾಗ ಅಣ್ಣತಮ್ಮಂದಿರು ಗೋಡೆಯ ವಿಷಯಕ್ಕೆ ಮತ್ತೆ ಜೋರಾಗಿ ಜಗಳವಾಡುತ್ತಿದ್ದರು. ಮಾತು ಬಿಟ್ಟದ್ದಂತೂ ಮುಗಿದಿತ್ತು. ಸಾಯಂಕಾಲ ಗೌಡರು ನಮ್ಮನ್ನು ಜಟಕಾ ಹತ್ತಿಸಿದರು. ರತ್ನ ನನ್ನ ಕೈ ಹಿಡಿದು, "ಇನ್ನೊಂದ್ಸಲ ಬನ್ನಿ ಅಮ್ಮಾವ್ರೆ, ಇಂಗೇ ಬನ್ನಿ" ಎಂದಳು.

ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಗೌಡರೂ ಅವರ ಹೆಂಡತಿಯೂ ಪಾಂಡವಪುರದ ನನ್ನ ಮನೆಗೆ ಬಂದರು. ತಟ್ಟೆಯಲ್ಲಿ ಎಲೆ, ಅಡಿಕೆ, ಅರಿಶಿನ, ಕುಂಕುಮ. "ಕಟ್ಟಿಸ್ಬುಟ್ಟೆ ಕಣವ್ವಾ. ನೆಂಟ್ರನ್ನ ಆ ಜವರನ ಮನೆಗ್ ಕಳಿಸೋ ಗಾಚಾರ ಇನ್ನೊಂದ್ಸಲ ಬ್ಯಾಡ. ಸೊಸೆ ಅರಕೆರೆಗೆ ಓಗೋಕ್ ಮುಂಚೆ ಪೂಜೆ ಮುಗಿಸ್ಬೇಕು. ನಿಮ್ ಕೈಲೇ ಆಗ್ಬೇಕು ಅಂತ ಅವಳದು ಒಂದೇ ಅಟ." ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿ ಮೇಡಂ ಎನ್ನಿಸಿಕೊಂಡಿದ್ದ ನನ್ನನ್ನು ಯಾವ ಸ್ಕೂಲೂ ಒಂದು ವಾರ್ಷಿಕೋತ್ಸವಕ್ಕೆ ಚೀಫ್ ಗೆಸ್ಟ್ ಎಂದು ಕರೆದಿರಲಿಲ್ಲ. ಇಲ್ಲವೆನ್ನಲು ಮನಸ್ಸಾಗದೆ ರೇಷ್ಮೆ ಸೀರೆಯುಟ್ಟು ಹೋದೆ.

ಹೊಸ ಬಾಗಿಲಿಗೆ ಮಾವಿನ ತೋರಣ, ಚೆಂಡುಹೂವಿನ ಹಾರ, ಅಡ್ಡಲಾಗಿ ಕೆಂಪು ಟೇಪು. ಬೀದಿಯ ಜನವೆಲ್ಲ ಸೇರಿತ್ತು. ರತ್ನ ಕುರ್ಚಿಯ ಮೇಲೆ ಮಹಾರಾಣಿಯಂತೆ ಕೂತಿದ್ದಳು. ಕಾಯಿ ಒಡೆದು ಟೇಪು ಕತ್ತರಿಸಿ ಇನ್ನೇನು ಹಿಂದಿರುಗಬೇಕು, ಜವರಣ್ಣ ಅಡ್ಡ ನಿಂತ. "ಬರೀ ಟೇಪು ಕತ್ತರಿಸ್ಬುಟ್ರೆ ಉದ್ಘಾಟನೆ ಆಯ್ತದಾ? ಮೊದ್ಲು ಅಮ್ಮಾವ್ರೇ ಓಗಿ ಬರ್ಲಿ!" ಎಲ್ಲರೂ ಹೌದು ಹೌದೆಂದರು. ರತ್ನ ನೀರು ತುಂಬಿದ ಬಕೆಟ್ಟನ್ನೂ ಚೊಂಬನ್ನೂ ಒಳಗಿಡಿಸಿದಳು. ಅವಳ ಮುಖದಲ್ಲಿದ್ದ ಸಂಭ್ರಮ ನೋಡಿ ನಾನು ಸೆರಗು ಸಿಕ್ಕಿಸಿಕೊಂಡೆ.

ಆದರೆ ಪ್ರಯಾಣವೆಂದು ಹೆದರಿ ನಾನು ಆ ದಿನ ಬೆಳಗಿನಿಂದ ಒಂದು ತೊಟ್ಟು ನೀರು ಕುಡಿದಿರಲಿಲ್ಲ. ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ಹೊಸ ಸುಣ್ಣದ ವಾಸನೆ ಕುಡಿಯುತ್ತ, ಸೀರೆಯ ನೆರಿಗೆ ಎತ್ತಿ ಹಿಡಿದು, ಲೋಕ ನಂಬುವಷ್ಟು ಹೊತ್ತು ಗೋಡೆ ನೋಡುತ್ತ ನಿಂತೆ. ಆಮೇಲೆ ಚೊಂಬಿನಿಂದ ಆದಷ್ಟು ಸದ್ದು ಮಾಡಿ ನೀರು ಸುರಿದೆ, ಒಂದಲ್ಲ ಎರಡು ಸಲ, ಹಿಂದೆ ನಿಂತವರಿಗೂ ಕೇಳಲೆಂದು. ಬಾಗಿಲು ತೆಗೆದು ಆಚೆ ಬಂದರೆ ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ನಾನು ಕೈಮುಗಿದು, ತಲೆಬಾಗಿ ಸ್ವೀಕರಿಸಿದೆ. ಜೀವಮಾನದಲ್ಲಿ ನನಗೆ ಬಿದ್ದ ಚಪ್ಪಾಳೆ ಅದೊಂದೇ. ಅದೂ ಮಾಡದ ಕೆಲಸಕ್ಕೆ.